ಅವ್ವನಿಗೆ ಸಮುದ್ರ ತೋರಿಸಬೇಕು

ಸಾರವಾಡದ ತಂಗಿಗೆ,

ಡೋಣಿ ಹೊಳೆಯ ದಂಡೆಯಲ್ಲೇ ಅರವತ್ತೆಂಟು ವರ್ಷ ಕಳೆದ ನಿಮ್ಮ ಅವ್ವ ಸಮುದ್ರ ನೋಡಬೇಕು ಅಂದಿದ್ದಾರೆ. ಮುಂದೂಡಬೇಡಿ, ಕರೆದುಕೊಂಡು ಹೋಗಿ. ಮಂಗಳೂರೇ ಸರಿ: ವಿಜಯಪುರದಿಂದ ನೇರ ರೈಲಿದೆ. ಹುಬ್ಬಳ್ಳಿ, ಹಾಸನ ದಾಟಿ ಸಕಲೇಶಪುರದ ಘಟ್ಟ ಇಳಿಯುತ್ತದೆ. ಮಂಡಿನೋವಿನವರಿಗೆ ಕೆಳಗಿನ ಬರ್ತನ್ನೇ ಕೇಳಿ.

ಕಡಲ ದಂಡೆಯ ರೆಸಾರ್ಟು ಬೇಡ. ಊರ ನಡುವಿನ ಹಂಪನಕಟ್ಟೆಯ ಸುತ್ತ ಲಿಫ್ಟ್ ಇರುವ ಲಾಡ್ಜ್ ಹಿಡಿಯಿರಿ; ಊಟ, ಔಷಧಿ ಅಂಗಡಿ ಎಲ್ಲ ಹತ್ತಿರ.

ಊಟದ ಚಿಂತೆ ನನಗೆ ಅರ್ಥವಾಗುತ್ತದೆ. ಕುಚಲಕ್ಕಿ ಅನ್ನ, ತೆಂಗಿನೆಣ್ಣೆ ಅವರಿಗೆ ಹೊಸದು. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ, ಹೋಟೆಲಿನಲ್ಲಿ ಮೊಸರು ಕೇಳಿ ಅದರಲ್ಲಿ ನೆನೆಸಿದರಾಯಿತು. ಬೆಳಗ್ಗೆ ನೀರುದೋಸೆ ಕೊಡಿಸಿ, ಹಲ್ಲಿಲ್ಲದ ಬಾಯಿಗೆ ಅದಕ್ಕಿಂತ ಮೆತ್ತಗಿನದಿಲ್ಲ. ಸಂಜೆ ಗೋಳಿಬಜೆ, ಪಬ್ಬಾಸ್ ಅಂಗಡಿಯ ಗಡ್‌ಬಡ್ ಐಸ್‌ಕ್ರೀಮ್ (ಸಕ್ಕರೆ ಕಾಯಿಲೆ ಇದ್ದರೆ ಎರಡೇ ಚಮಚ).

ಪಣಂಬೂರು ಕಡಲ ತೀರಕ್ಕೆ ಸಂಜೆ ನಾಲ್ಕೂವರೆಯ ನಂತರ ಹೋಗಿ, ಮಧ್ಯಾಹ್ನ ಮರಳು ಕಾಲು ಸುಡುತ್ತದೆ. ಅವ್ವನ ಕೈ ಹಿಡಿದೇ ಅಲೆಗೆ ನಿಲ್ಲಿ. ಅಲೆ ಹಿಂದೆ ಸರಿಯುವಾಗ ಪಾದದಡಿಯ ಮರಳು ಜಾರುತ್ತದೆ, ತಲೆ ಸುತ್ತಿದಂತಾಗುತ್ತದೆ. ಮಳೆಗಾಲದಲ್ಲಂತೂ ಬೇಡ. ಹಿಂಗಾರಿ ಬಿತ್ತನೆ ಮುಗಿಸಿ, ನವೆಂಬರಿನಲ್ಲಿ ಹೊರಡಿ.