ಗಾಳ, ಕಾರು, ಬೊಳ್ಳು

ಗಾಳ ಹಾಕುವವನು ಕದಲದೆ ಕೂರಬೇಕು. ನಾಯಿಗೆ ಅದೊಂದು ಬಿಟ್ಟು ಬೇರೇನು ಹೇಳಿದರೂ ಆದೀತು. ಎರಡನ್ನೂ ಒಂದೇ ಕಾರಿಗೆ ತುಂಬಿಕೊಂಡು ಅಂಬಲಪಾಡಿಯಿಂದ ಹೊರಟು ಸ್ವರ್ಣಾ ನದಿಯ ಬಾಯಿಂದ ಮಾಳದ ಕಡೆಗೆ ಏರುತ್ತಾ ಹೋಗುವುದು ನನ್ನ ರಜೆಯ ಚಾಳಿ. ಬೊಳ್ಳು ಊರ ನಾಯಿ, ಬಿಳಿ ಮೈ. ಹಿಂದಿನ ಸೀಟು ಅದರ ಪಿತ್ರಾರ್ಜಿತ.

ಮೊದಲ ನಿಲುಗಡೆ ಮಲ್ಪೆ, ಹೂಡೆ ದಾಟಿ ಕೋಡಿಬೆಂಗ್ರೆ. ಸ್ವರ್ಣೆ, ಸೀತೆ ಎರಡೂ ಕೂಡಿ ಕಡಲು ಸೇರುವ ಜಾಗ. ಇಲ್ಲಿಗೆ ಹೊರಡುವ ಹೊತ್ತನ್ನು ಗಡಿಯಾರಕ್ಕಿಂತ ಗೋಡೆಯ ಕ್ಯಾಲೆಂಡರ್ ಚೆನ್ನಾಗಿ ಹೇಳುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಭರತ ಜೋರು, ಅಷ್ಟಮಿ ಹೊತ್ತಿಗೆ ನೀರು ಸೋಮಾರಿ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನಿನ್ನೆ ಮೀನು ಕಚ್ಚಿದ ಹೊತ್ತಿಗೇ ಇವತ್ತು ಹೋಗಿ ಕೂತರೆ ಸೊಳ್ಳೆ ಮಾತ್ರ ಕಚ್ಚುತ್ತದೆ. ನೀರು ಏರಲು ತೊಡಗಿದಾಗ ಸಿಗಡಿ ಸಿಕ್ಕಿಸಿ ಹಾಕಿದರೆ ಕಾನೆ ಸಿಕ್ಕೀತು, ಅದೃಷ್ಟವಿದ್ದರೆ ಕೆಂಬೇರಿ, ಕುರುಡಿ.

ಆ ಸಿಗಡಿಯೇ ನಾಯಿಗೆ ಕಂಟಕ. ದಡದಲ್ಲಿ ಒರಗಿಸಿಟ್ಟ ಕೋಲು, ತುದಿಯಲ್ಲಿ ಘಮಘಮ ಸಿಗಡಿ! ಬೊಳ್ಳುವನ್ನು ಗಾಳಿಮರದ ಬುಡಕ್ಕೆ ಕಟ್ಟುವುದನ್ನು ನನಗೆ ಕಲಿಸಿದವರು ಅಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು. "ಎಂತ ಮಾರಾಯ್ರೆ, ಗಾಳ ಮೀನಿಗಾ ನಾಯಿಗಾ?" ಎಂದರು, ಅಷ್ಟೇ. ಆಮೇಲೆ ಪಶುವೈದ್ಯರನ್ನು ಕೇಳಿ ತಿಳಿದುಕೊಂಡೆ: ನಾಯಿ ಗಾಳ ನುಂಗಿದರೆ ದಾರ ಹಿಡಿದು ಎಳೆಯಲೇಬಾರದು, ಹಿಮ್ಮುಳ್ಳು ಗಂಟಲನ್ನೇ ಸೀಳುತ್ತದೆ. ಬಾಯಿಯ ಹತ್ತಿರ ದಾರ ಕತ್ತರಿಸಿಬಿಡುವುದೂ ತಪ್ಪು. ಹೊರಗೆ ಒಂದಿಷ್ಟು ಉದ್ದ ಬಿಟ್ಟು, ಅದನ್ನು ಕೊರಳಪಟ್ಟಿಗೆ ಕಟ್ಟಿ ಆಸ್ಪತ್ರೆಗೆ ಓಡಬೇಕು. ತುಟಿಗೆ ಚುಚ್ಚಿದ್ದಾದರೆ ಹಿಂದಕ್ಕೆ ಎಳೆಯದೆ ಮುಂದಕ್ಕೇ ತಳ್ಳಿ, ಹೊರಬಂದ ಹಿಮ್ಮುಳ್ಳನ್ನು ಕತ್ತರಿಸಿ, ಬಂದ ದಾರಿಯಲ್ಲೇ ತೆಗೆಯುವುದು. ಅದಕ್ಕೇ ಕಟಿಂಗ್ ಪ್ಲೇಯರ್ ಈಗ ಸಿಗಡಿ ಡಬ್ಬಿಯ ಜೊತೆಯಲ್ಲೇ ಇರುತ್ತದೆ. ಬಲೆಯವರು ದಡಕ್ಕೆ ಎಸೆದು ಹೋಗುವ, ಹೊಟ್ಟೆ ಉಬ್ಬಿಸಿಕೊಳ್ಳುವ ಮೀನಿನ ಮೇಲೂ ಕಣ್ಣಿಡಬೇಕು. ಅದು ವಿಷ, ಸತ್ತು ಒಣಗಿದರೂ ವಿಷವೇ.

ಅಳಿವೆಯ ನೀರು ಉಪ್ಪು. ಆಡಿ ದಣಿದ ನಾಯಿಗೆ ಉಪ್ಪು, ಸಿಹಿ ಎಂಬ ಭೇದವಿಲ್ಲ, ಕುಡಿದೇ ಕುಡಿಯುತ್ತದೆ. ಆಮೇಲಿನ ವಾಂತಿ, ಭೇದಿಗೆಲ್ಲ ಕಾರಿನ ಸೀಟೇ ಗತಿ. ಮನೆಯ ಬಾವಿನೀರನ್ನು ಕ್ಯಾನಿನಲ್ಲಿ ಒಯ್ದು, ಆಟಕ್ಕೆ ಬಿಡುವ ಮೊದಲೇ ಕುಡಿಸುತ್ತೇನೆ.

ಅಲ್ಲಿಂದ ಮಣಿಪಾಲ ದಾಟಿ ಹಿರಿಯಡ್ಕದ ದಾರಿ. ಆ ದಾರಿಯ ಬಜೆ ಅಣೆಕಟ್ಟಿನಲ್ಲಿ ನಾನು ಗಾಳ ಬಿಚ್ಚುವುದಿಲ್ಲ, ನಾಯಿಯನ್ನು ನೀರಿಗೂ ಬಿಡುವುದಿಲ್ಲ. ಉಡುಪಿ, ಮಣಿಪಾಲದ ನಲ್ಲಿಗೆ ಬರುವ ನೀರು ಅದು. ಬೇಸಿಗೆಯಲ್ಲಿ ಅಣೆಕಟ್ಟಿನ ತಳ ಕಂಡು ಊರಿಡೀ ಟ್ಯಾಂಕರ್ ಕಾಯುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಊಟದ ಪಾಡು ಹೇಳಲೇಬೇಕು. ನಾಯಿಯನ್ನು ಒಳಗೆ ಬಿಡುವ ಹೋಟೆಲು ಈ ದಾರಿಯಲ್ಲಿ ನನಗೆ ಸಿಕ್ಕಿಲ್ಲ; ಏಪ್ರಿಲ್ ಬಿಸಿಲಲ್ಲಿ ಗಾಜು ಏರಿಸಿದ ಕಾರು ನಿಮಿಷಗಳಲ್ಲೇ ಒಲೆಯಾಗುತ್ತದೆ. ಇಬ್ಬರಿದ್ದರೆ ಸರದಿ, ಒಬ್ಬನೇ ಆದರೆ ಪಾರ್ಸೆಲ್.

ಎಣ್ಣೆಹೊಳೆ ತಲುಪುವಾಗ ನದಿ ಪೂರ್ತಿ ಸಿಹಿ, ಗಾಳಕ್ಕೆ ಎರೆಹುಳ. ಕುಡಿಯುವ ನೀರಿನ ಚಿಂತೆ ಮುಗಿಯಿತು ಎನ್ನುವಷ್ಟರಲ್ಲಿ ಪೊದೆಗಳು ಶುರು, ಪೊದೆಯೆಂದರೆ ಉಣುಗಿನ ಭಯ. ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾದದ್ದು ಘಟ್ಟದ ಮೇಲೆ, ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಅದನ್ನು ಹರಡುವ ಉಣುಗು ನಾಯಿಯ ಮೈಯೇರಿ ಮನೆಗೂ ಬರಬಲ್ಲದು. ಹಾಗಾಗಿ ಕಾರು ಹತ್ತಿಸುವ ಮುನ್ನ ಕಿವಿಯ ಒಳಗೆ, ಬೆರಳ ಸಂದಿ, ಬಾಲದ ಬುಡ, ಎಲ್ಲ ತಡವಿ ನೋಡುತ್ತೇನೆ. ಬೊಳ್ಳು ಇದನ್ನು ಮುದ್ದು ಎಂದೇ ತಿಳಿದಿದೆ, ತಿಳಿಯಲಿ. ಮಳೆಗಾಲದ ಕೆಸರಿನಲ್ಲಿ ಇಲಿಜ್ವರದ ಭಯ ಬೇರೆ. ಬೊಳ್ಳುವಿಗೆ ವರ್ಷದ ಲಸಿಕೆ ಇದೆ. ನನಗಿರುವುದು ಗಂಬೂಟು ಮಾತ್ರ.

ಮಾಳದಿಂದ ಮೇಲೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಅಲ್ಲಿ ಗಾಳ ಹಾಕುವಂತಿಲ್ಲ, ನಾಯಿಯನ್ನು ಇಳಿಸುವಂತಿಲ್ಲ. ನಾನು ಬಜಗೋಳಿಯಲ್ಲಿ ಚಾ ಕುಡಿದು ಕಾರ್ಕಳದ ಕಡೆ ತಿರುಗಿಸುತ್ತೇನೆ.