ನಕ್ಷೆ ನೋಡಿ ಹೆದರುವ ಮುನ್ನ



ಕಳೆದ ತಿಂಗಳು ಮೈಸೂರಿನ ನಮ್ಮ ಕಚೇರಿಗೆ ಸದಸ್ಯರೊಬ್ಬರು ಒಂದು ನಕ್ಷೆಯ ಪ್ರತಿ ಹಿಡಿದು ಬಂದರು. ಅದು ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ನಕ್ಷೆ. "ನೋಡಿ ಸ್ವಾಮಿ, ಊರಿಗೆ ಊರೇ ಬಣ್ಣ ಬಳಿದಿದ್ದಾರೆ. ಅಪ್ಪ ನೆಟ್ಟ ಕಾಫಿಯೂ ಕಾಡಾಯಿತೇ? ಇರುವ ಎರಡು ಎಕರೆ ಬಂದ ಬೆಲೆಗೆ ಮಾರಿಬಿಡಲೇ?" ಎಂದರು. ಮೊದಲು ಕುಳಿತು ನಕ್ಷೆ ಓದೋಣ ಎಂದೆ. ಅಂದು ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ನಕ್ಷೆ ನೆಲದ ಫೋಟೋ ಅಲ್ಲ. ಏನನ್ನು ತೋರಿಸಬೇಕು, ಏನನ್ನು ಬಿಡಬೇಕು ಎಂದು ಬರೆಯುವವರು ಮೊದಲೇ ತೀರ್ಮಾನಿಸಿರುತ್ತಾರೆ. ನಮ್ಮ ಮೈಸೂರು ಸೀಮೆಯೇ ಇದಕ್ಕೆ ಸಾಕ್ಷಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಈ ನಾಡನ್ನು ಇಬ್ಬರು ಅಳೆದರು. ಕಾಲಿನ್ ಮೆಕೆಂಜಿ ಊರು, ಕೆರೆ, ಕೋಟೆ, ದಾರಿಗಳನ್ನು ಗುರುತಿಸಿದರು. ಆಡಳಿತಕ್ಕೆ ಬೇಕಾದದ್ದು ಅದು. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರ ರೇಖೆ ಅಳೆದು, ಅಲ್ಲಿಂದ ತ್ರಿಕೋನಗಳನ್ನು ಹೆಣೆಯುತ್ತ ಹೋದರು. ಅವರಿಗೆ ಬೇಕಾದದ್ದು ಕರಾರುವಾಕ್ಕಾದ ದೂರ. ನೆಲ ಒಂದೇ, ಉದ್ದೇಶ ಬೇರೆ, ನಕ್ಷೆಯೂ ಬೇರೆ.

ಅಳತೆ

ನಮ್ಮ ಗ್ರಾಮ ನಕ್ಷೆಗಳು ಸಾಮಾನ್ಯವಾಗಿ ಮೈಲಿಗೆ 8 ಅಂಗುಲದ ಅಳತೆಯವು. ಅಂದರೆ ಒಂದು ಅಂಗುಲಕ್ಕೆ 660 ಅಡಿ. ಒಂದು ಚದರಂಗುಲಕ್ಕೆ ಸರಿಯಾಗಿ 10 ಎಕರೆ. ಇದರಲ್ಲಿ ನಾನೇ ಒಮ್ಮೆ ಬೇಸ್ತು ಬಿದ್ದೆ. ಅರ್ಧಕ್ಕೆ ಕುಗ್ಗಿಸಿದ ಜೆರಾಕ್ಸ್ ಪ್ರತಿಯೆಂದು ತಿಳಿಯದೆ, ಹಳ್ಳದಿಂದ ತೋಟಕ್ಕೆ ಒಂದೇ ಅಂಗುಲವೆಂದು 660 ಅಡಿ ಪೈಪು ತಂದೆ. ನಿಜವಾದ ದೂರ 1,320 ಅಡಿ. ಪೈಪು ಅರ್ಧ ದಾರಿಗೇ ಮುಗಿಯಿತು. ಪ್ರತಿ ಕುಗ್ಗಿದರೂ ಅದರ ಮೇಲೆ ಬರೆದ ಅಂಕಿ ಬದಲಾಗುವುದಿಲ್ಲ. ಗೆರೆಯಾಗಿ ಎಳೆದ ಅಳತೆಪಟ್ಟಿ ಮಾತ್ರ ನಕ್ಷೆಯೊಡನೆ ಕುಗ್ಗುತ್ತದೆ. ನಂಬುವುದಾದರೆ ಆ ಪಟ್ಟಿಯನ್ನು ನಂಬಿ.

ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಹಾಳೆಯಲ್ಲಿ ಎರಡೆಕರೆ ತೋಟವೆಂದರೆ ಹತ್ತಿರ ಹತ್ತಿರ ಎರಡು ಮಿಲಿಮೀಟರಿನ ಚೌಕ, ಒಂದು ರಾಗಿಕಾಳಿನಷ್ಟು. ಅಂಥ ಹಾಳೆಯಲ್ಲಿ ತೋಟದ ಬೇಲಿ ಹುಡುಕಬಾರದು.

ಬಣ್ಣ ಮತ್ತು ಗಡಿ

2011ರ ಗಾಡ್ಗೀಳ್ ಸಮಿತಿ ವಲಯಗಳನ್ನು ತಾಲ್ಲೂಕುವಾರು ಗುರುತಿಸಿತು. 2013ರ ಕಸ್ತೂರಿರಂಗನ್ ಸಮಿತಿ ಗ್ರಾಮವನ್ನು ಘಟಕವಾಗಿ ಹಿಡಿಯಿತು. ಗ್ರಾಮದ ಶೇಕಡ 20 ಅಥವಾ ಹೆಚ್ಚು ಭಾಗ ಸೂಕ್ಷ್ಮವೆಂದು ಕಂಡರೆ ಇಡೀ ಗ್ರಾಮ ಪಟ್ಟಿಗೆ ಸೇರಿತು. ಹೀಗಾಗಿ ನೂರೆಕರೆಯಲ್ಲಿ ಇಪ್ಪತ್ತೆಕರೆ ಕಾಡಿದ್ದರೂ ನೂರಕ್ಕೂ ಒಂದೇ ಬಣ್ಣ. ಆ ಬಣ್ಣ "ಈ ಗ್ರಾಮ ಪಟ್ಟಿಯಲ್ಲಿದೆ" ಎನ್ನುತ್ತದೆ. "ಈ ತೋಟ ಕಾಡು" ಎನ್ನುವುದಿಲ್ಲ. ಕಣ್ಣು ಮಾತ್ರ ಎರಡನೆಯದನ್ನೇ ಓದುತ್ತದೆ.

ಇನ್ನೊಂದು ಸಂಗತಿ. ಆ ಸಮಿತಿ ಬಳಸಿದ ಉಪಗ್ರಹ ಚಿತ್ರದ ಒಂದೊಂದು ಚೌಕ ಸುಮಾರು 24 ಮೀಟರಿನದು, ಅಂದರೆ ಐದೂವರೆ ಗುಂಟೆಗೂ ಮಿಕ್ಕಿ. ಮೇಲಿನಿಂದ ನೋಡಿದರೆ ಕಾಣುವುದು ನೆರಳು ಮರದ ನೆತ್ತಿ, ಕೆಳಗಿನ ಕಾಫಿ ಗಿಡವಲ್ಲ. ಆದ್ದರಿಂದ ಸ್ಥಳ ತನಿಖೆ ಬೇಕೆಂದು ಬೆಳೆಗಾರ ಕೇಳುವುದು ನ್ಯಾಯ. ಹಾಗೆಯೇ, ಕರಡು ಅಧಿಸೂಚನೆ ನಿಷೇಧಿಸಲು ಹೊರಟಿದ್ದು ಗಣಿ, ಕಲ್ಲು ಕ್ವಾರಿ, ಮರಳು ತೆಗೆಯುವುದು, ಕೆಂಪು ವರ್ಗದ ಕೈಗಾರಿಕೆ ಮುಂತಾದವನ್ನು; ಕಾಫಿ, ಅಡಿಕೆ ಬೆಳೆಯುವುದನ್ನಲ್ಲ ಎಂಬುದೂ ನೆನಪಿರಲಿ. ಅದು ಬಣ್ಣದಲ್ಲಿಲ್ಲ, ಬರಹದಲ್ಲಿದೆ.

ನಕ್ಷೆ ಕೈಗೆ ಬಂದಾಗ ಕೇಳಬೇಕಾದದ್ದು

1. ಯಾರು, ಯಾವ ಕೆಲಸಕ್ಕಾಗಿ, ಯಾವ ವರ್ಷ ಬರೆದದ್ದು?
2. ಅಳತೆ ಎಷ್ಟು? ಇದು ಮೂಲವೋ, ಕುಗ್ಗಿಸಿದ ಪ್ರತಿಯೋ?
3. ಬಣ್ಣಕ್ಕೆ ಏನರ್ಥ? ಬಣ್ಣ ಹಚ್ಚಿದ ಘಟಕ ತಾಲ್ಲೂಕೋ, ಗ್ರಾಮವೋ, ಸರ್ವೆ ನಂಬರೋ?
4. ಏನನ್ನು ಬಿಟ್ಟಿದ್ದಾರೆ?

ಪಹಣಿ ಮತ್ತು ಗ್ರಾಮ ನಕ್ಷೆಯನ್ನು ಜೊತೆಗಿಟ್ಟು ತಾಳೆ ನೋಡಿ. 2024ರ ಜುಲೈ 31ರ ಕರಡಿಗೆ ಆಕ್ಷೇಪಣೆ ಸಲ್ಲಿಸಲು 60 ದಿನ ಕೊಟ್ಟಿದ್ದರು. ಅಂಥ ವೇಳೆ "ಅನ್ಯಾಯ" ಎಂದಷ್ಟೇ ಬರೆದರೆ ಸಾಲದು. ಸರ್ವೆ ನಂಬರು, ವಿಸ್ತೀರ್ಣ, ಬೆಳೆ, ನೆಟ್ಟ ವರ್ಷ ಬರೆದ ಅರ್ಜಿಗೆ ತೂಕವಿದೆ.

ನಮ್ಮ ಸದಸ್ಯರು ತೋಟ ಮಾರಲಿಲ್ಲ. ಮಾರನೆಯ ವಾರ ಪಹಣಿ ತಂದು, ಗ್ರಾಮ ನಕ್ಷೆಯಲ್ಲಿ ತಮ್ಮ ಎರಡೆಕರೆಯನ್ನು ತಾವೇ ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡು ಹೋದರು.