ಬಾಡಿಗೆ ಮನೆಯ ವೈರಿಂಗ್ ತಪಾಸಣೆಗೆ ಯಾರನ್ನು ಕರೆಯಬೇಕು?

ಒದ್ದೆ ಗೋಡೆ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ, ನಲ್ಲಿ ತಿರುಗಿಸಿದರೆ ಶಾಕ್ ಹೊಡೆಯುತ್ತದೆ. ಚಿಕ್ಕಪಡಸಲಗಿಯ ಬಾಡಿಗೆ ಮನೆಯಲ್ಲಿ ಹೀಗಾದರೆ ಮೊದಲು ಫೋನ್ ಹೋಗುವುದು ಲೈನ್‌ಮನ್‌ಗೆ. ಅವರು ಸಿಗದಿದ್ದರೆ ಪಂಪ್‌ಸೆಟ್ ರಿವೈಂಡಿಂಗ್ ಮಾಡುವವರಿಗೆ. 1989ರಲ್ಲಿ ರೈತರೇ ಮುಂದೆ ನಿಂತು ಕೃಷ್ಣೆಗೆ ಬ್ಯಾರೇಜ್ ಕಟ್ಟಿದ ಊರು ಇದು. ಮೋಟರ್ ಬಲ್ಲವರಿಗೆ ಇಲ್ಲಿ ಕೊರತೆಯಿಲ್ಲ. ಆದರೆ ಮೋಟರ್ ಬಲ್ಲವರೆಲ್ಲ ಮನೆಯ ವೈರಿಂಗ್ ತಪಾಸಣೆಗೆ ಅರ್ಹರಲ್ಲ. ಹೆಸ್ಕಾಂ ಲೈನ್‌ಮನ್ ಕೆಲಸವೂ ಕಂಬದಿಂದ ಮೀಟರಿನವರೆಗೆ ಮಾತ್ರ. ಅದರಾಚೆಯ ವೈರಿಂಗ್ ಮನೆಯವರ ಹೊಣೆ.

ಅರ್ಹತೆ ಎಂದರೆ ಏನು?

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ ವೈರಿಂಗ್ ಕೆಲಸವನ್ನು ಲೈಸೆನ್ಸ್ ಪಡೆದ ಗುತ್ತಿಗೆದಾರರೇ ಮಾಡಿಸಬೇಕು. ಪ್ರಮಾಣಪತ್ರ ಇರುವ ಸೂಪರ್‌ವೈಸರ್ ಮೇಲ್ವಿಚಾರಣೆ ನಡೆಸಬೇಕು, ಪರ್ಮಿಟ್ ಇರುವವರು ಕೈ ಹಚ್ಚಬೇಕು. ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ಬದಲಿಸುವಂಥ ಸಣ್ಣ ಕೆಲಸಕ್ಕೆ ವಿನಾಯಿತಿ ಇದೆ. ನಮ್ಮ ರಾಜ್ಯದಲ್ಲಿ ಈ ಪರ್ಮಿಟ್ ಮತ್ತು ಲೈಸೆನ್ಸ್‌ಗಳು ವಿದ್ಯುತ್ ಪರಿವೀಕ್ಷಣಾಲಯದ ವ್ಯವಸ್ಥೆಯಡಿ ಸಿಗುತ್ತವೆ.

ಇಲ್ಲಿ ಅನೇಕರು ಎಡವುತ್ತಾರೆ. ಎರಡು ವರ್ಷದ ಐಟಿಐ ಎಲೆಕ್ಟ್ರಿಷಿಯನ್ ಅಥವಾ ವೈರ್‌ಮನ್ ಕೋರ್ಸ್ ಮುಗಿಸುವುದು ಓದಿನ ಅರ್ಹತೆ. ವೈರ್‌ಮನ್ ಪರ್ಮಿಟ್ ಬೇರೆಯೇ. ಹುಡುಗ ಐಟಿಐ ಕಲಿತಿದ್ದಾನೆ ಎಂದಷ್ಟಕ್ಕೆ ತೃಪ್ತರಾಗಬೇಡಿ. ಪರ್ಮಿಟ್ ಕೇಳಿ, ಹೆಸರು, ನಂಬರ್, ಅವಧಿ ಮುಗಿಯುವ ದಿನ ನೋಡಿ. ಇಡೀ ಮನೆಯ ತಪಾಸಣೆಗಾದರೆ ಲೈಸೆನ್ಸ್ ಇರುವ ಗುತ್ತಿಗೆದಾರರನ್ನೇ ಕರೆಯಿರಿ, ವರದಿಗೆ ಸಹಿ ಹಾಕುವವರು ಅವರು.

ಮೊದಲು ಹಳೆಯ ಕಾಗದ ಹುಡುಕಿ

ಮೀಟರ್ ಪಡೆಯುವಾಗ ಗುತ್ತಿಗೆದಾರರು ಹೆಸ್ಕಾಂಗೆ ಕೊಟ್ಟ ಕಂಪ್ಲೀಷನ್ ರಿಪೋರ್ಟ್‌ನ ನಕಲು ಇದೆಯೇ ಎಂದು ಮಾಲಕರನ್ನು ಕೇಳಿ. ಅದರಲ್ಲಿ ಎಷ್ಟು ಲೋಡ್‌ಗೆ ವೈರಿಂಗ್ ಆಗಿದೆ ಎಂಬುದು ತಿಳಿಯುತ್ತದೆ. ಎರಡು ಬಲ್ಬ್, ಒಂದು ಫ್ಯಾನ್ ಲೆಕ್ಕದಲ್ಲಿ ಎಳೆದ ವೈರಿನ ಮೇಲೆ ಇವತ್ತು ಗೀಸರ್, ಫ್ರಿಜ್, ಮಿಕ್ಸರ್ ಎಲ್ಲ ನಡೆಯುತ್ತಿರಬಹುದು.

ಬಂದವರು ಏನೇನು ಅಳೆಯಬೇಕು?

ಬರೀ ಟೆಸ್ಟರ್ ಹಿಡಿದು ಬಂದವರು ತಪಾಸಣೆ ಮಾಡಲಾರರು. ಮೆಗ್ಗರ್ ಬೇಕು. ಮೇನ್ ಆಫ್ ಮಾಡಿ, ಉಪಕರಣಗಳನ್ನೆಲ್ಲ ಕಳಚಿ, 500 ವೋಲ್ಟ್‌ನಲ್ಲಿ ವೈರಿನ ಇನ್ಸುಲೇಷನ್ ಅಳೆಯುತ್ತಾರೆ. ರೀಡಿಂಗ್ ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ವೈರಿಂಗ್ ನಂಬುವಂತಿಲ್ಲ. ನದಿದಂಡೆಯ ಮನೆಗಳಿಗೆ ಈ ಪರೀಕ್ಷೆ ತಪ್ಪಿಸಲೇಬಾರದು. 2019ರ ಪ್ರವಾಹದಲ್ಲಿ ನೆನೆದ ಗೋಡೆಗಳಿಗೆ ಸುಣ್ಣ ಬಳಿದಾಗಿದೆ, ಒಳಗಿನ ಪೈಪಿನಲ್ಲಿರುವ ವೈರ್ ಮಾತ್ರ ಅನೇಕ ಕಡೆ ಹಳೆಯದೇ.

ಮುಂದಿನದು ಅರ್ಥಿಂಗ್. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುತ್ತದೆ. ಬಿರಿದಾಗ ಅರ್ಥ್ ಪೈಪಿಗೂ ಮಣ್ಣಿಗೂ ಸಂಪರ್ಕ ಸಡಿಲಾಗುತ್ತದೆ. ಮಳೆಗಾಲದಲ್ಲಿ ಸರಿಯಿದ್ದ ಅರ್ಥಿಂಗ್ ಏಪ್ರಿಲ್‌ನಲ್ಲಿ ಕೈಕೊಡುವುದು ಇದೇ ಕಾರಣಕ್ಕೆ. ಅಳತೆಯನ್ನು ಬೇಸಿಗೆಯಲ್ಲೇ ಮಾಡಿಸಿ.

ಮೂರನೆಯದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಎಂಸಿಬಿ ಓವರ್‌ಲೋಡ್, ಶಾರ್ಟ್ ಸರ್ಕ್ಯೂಟ್‌ನಿಂದ ವೈರನ್ನು ಕಾಯುತ್ತದೆ. ಕರೆಂಟ್ ಮೈಮೂಲಕ ನೆಲಕ್ಕೆ ಹರಿದಾಗ ಸಪ್ಲೈ ಕಡಿದು ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಬೋರ್ಡಿನಲ್ಲಿ ಎಂಸಿಬಿ ಕಂಡಾಕ್ಷಣ ಸುರಕ್ಷಿತ ಎಂದುಕೊಳ್ಳಬೇಡಿ. ಆರ್‌ಸಿಸಿಬಿ ಮೇಲಿನ ಟೆಸ್ಟ್ ಬಟನ್ ಒತ್ತಿದರೆ ಅದರ ಲಿವರ್ ತಟ್ಟನೆ ಕೆಳಗೆ ಬೀಳಬೇಕು. ಇದನ್ನು ತಿಂಗಳಿಗೊಮ್ಮೆ ನೀವೇ ಮಾಡಿ ನೋಡಬಹುದು.

ರಬಕವಿ-ಬನಹಟ್ಟಿಯಲ್ಲಿ ಒಂದೇ ಸೂರಿನಡಿ ಸಂಸಾರವೂ ಪವರ್‌ಲೂಮ್ ಮಗ್ಗವೂ ಇರುವ ಮನೆಗಳಿವೆ. ಮಗ್ಗದ ಅದುರಿಗೆ ವೈರಿನ ಜೋಡಣೆಗಳು ಸಡಿಲಾಗುತ್ತವೆ, ನೂಲಿನ ಧೂಳು ಬೋರ್ಡಿನೊಳಗೆ ಕೂರುತ್ತದೆ. ಸಡಿಲ ಜಾಗ ಕಾದು ಕಿಡಿ ಹಾರಿದರೆ ಧೂಳಿಗೆ ಬೆಂಕಿ ಹತ್ತಲು ಹೊತ್ತು ಬೇಡ. ಇಂಥ ಮನೆಯಲ್ಲಿ ಮಗ್ಗದ ಲೈನ್ ಮತ್ತು ಮನೆಯ ಲೈನ್ ಬೇರೆಬೇರೆ ಇವೆಯೇ ಎಂದು ಖಚಿತಪಡಿಸಿಕೊಳ್ಳದೆ ಅಡ್ವಾನ್ಸ್ ಕೊಡಬೇಡಿ.

ಖರ್ಚು ಯಾರದು, ಬರಹ ಎಲ್ಲಿ?

ಇಂಗ್ಲೆಂಡಿನಲ್ಲಿ 2020ರಲ್ಲಿ ಬಂದ ನಿಯಮದಂತೆ ಬಾಡಿಗೆ ಮನೆಯನ್ನು ಕನಿಷ್ಠ ಐದು ವರ್ಷಕ್ಕೊಮ್ಮೆ ಅರ್ಹರಿಂದ ಪರೀಕ್ಷಿಸಿ, ವರದಿಯನ್ನು ಬಾಡಿಗೆದಾರರಿಗೆ ಕೊಡಬೇಕು. ಬಾಡಿಗೆ ಮನೆಗೆಂದೇ ಮಾಡಿದ ಅಂಥ ನಿಯಮ ನಮ್ಮಲ್ಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ಸದ್ಯಕ್ಕೆ ಕರಾರುಪತ್ರದಲ್ಲೇ ಬರೆಸಿಕೊಳ್ಳಬೇಕು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವೈರಿಂಗ್ ನಿರ್ವಹಣೆಯನ್ನು ಮಾಲಕರಿಗೂ, ಸ್ವಿಚ್-ಸಾಕೆಟ್ ರಿಪೇರಿಯನ್ನು ಬಾಡಿಗೆದಾರರಿಗೂ ಹಂಚಿದೆ. ಆ ಹಂಚಿಕೆ ನ್ಯಾಯವಾಗಿದೆ, ಅದನ್ನೇ ಅನುಸರಿಸಿ.

ತಪಾಸಣೆಯ ವರದಿಯಲ್ಲಿ ಎಲ್ಲ ಸರಿ ಇದೆ ಎಂಬ ಒಂದು ಸಾಲು ಸಾಲದು. ಇನ್ಸುಲೇಷನ್, ಅರ್ಥಿಂಗ್ ರೀಡಿಂಗ್‌ಗಳು, ದಿನಾಂಕ, ಲೈಸೆನ್ಸ್ ನಂಬರ್, ಸಹಿ ಇರಬೇಕು. ಒಂದು ಪ್ರತಿ ಕರಾರಿಗೆ ಲಗತ್ತಿಸಿ.

ಮೀಟರ್ ಅಥವಾ ಕಂಬದ ಬಳಿ ಕಿಡಿ ಕಂಡರೆ, ಸರ್ವಿಸ್ ವೈರ್ ಹರಿದುಬಿದ್ದರೆ ಯಾರೂ ಮುಟ್ಟಬೇಡಿ, 1912ಕ್ಕೆ ಕರೆ ಮಾಡಿ. ಮಾಲಕರಲ್ಲಿ ಒಂದು ವಿನಂತಿ: ಹನ್ನೊಂದು ತಿಂಗಳ ಕರಾರು ಮುಗಿದು ಮನೆ ಖಾಲಿಯಾದಾಗ ಬಣ್ಣ ಹಚ್ಚಿಸುವ ಮೊದಲು ವೈರಿಂಗ್ ಪರೀಕ್ಷೆ ಮಾಡಿಸಿ. ಗೋಡೆ ಒಡೆದು ವೈರ್ ಬದಲಿಸಬೇಕಾಗಿ ಬಂದರೆ ಆಗಲೇ ಖರ್ಚು ಕಡಿಮೆ.